ಸ್ಟ್ರೈಡ್: ಭಾರ ಇಲ್ಲದ ಹೆಜ್ಜೆ

ಸಾಫ್ಟ್‌ಬಾಲ್ ಕಲಿಯೋಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಬೀದಿ ಕ್ರಿಕೆಟ್ ಆಡಿದವರೇ. ಕೈಗೆ ಬ್ಯಾಟ್ ಕೊಟ್ಟು ‘ಸ್ಟ್ರೈಡ್ ತಗೋ’ ಅಂದರೆ ಸಾಕು, ಎಡಗಾಲನ್ನು ಉದ್ದಕ್ಕೆ ಚಾಚಿ ಚೆಂಡಿನ ಮೇಲೆ ನುಗ್ಗುತ್ತಾರೆ. ಅವರ ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಸ್ಟ್ರೈಡ್ ಅಂದರೆ ದಾಪುಗಾಲು ಅಂತಲೇ ಅರ್ಥ. ಆದರೆ ಸಾಫ್ಟ್‌ಬಾಲ್ ಬ್ಯಾಟಿಂಗ್‌ನಲ್ಲಿ ಈ ಪದ ಹೇಳೋದು ತೀರಾ ಚಿಕ್ಕ ಹೆಜ್ಜೆಯನ್ನು. ನಾನು ಕಲಿಸೋದು 4ರಿಂದ 6 ಇಂಚು. ನಮ್ಮ ಲೆಕ್ಕದಲ್ಲಿ ಅರ್ಧ ಗೇಣು ಚಿಲ್ಲರೆ.

ಪಿಚರ್ ಕೈ ಒಂದು ಸುತ್ತು ತಿರುಗಿ ಸೊಂಟದ ಹತ್ತಿರ ಬಂದು ಚೆಂಡು ಬಿಡುವ ಹೊತ್ತಿಗೆ, ಬ್ಯಾಟರ್ ತನ್ನ ಮುಂದಿನ ಕಾಲನ್ನು ನೆಲದಿಂದ ಸ್ವಲ್ಪ ಎತ್ತಿ ಪಿಚರ್ ಕಡೆಗೆ ಇಡುತ್ತಾಳೆ. ಅದೇ ಸ್ಟ್ರೈಡ್. ಕಾಲು ಮಾತ್ರ ಮುಂದೆ ಹೋಗಬೇಕು. ತಲೆ, ಎದೆ, ಕೈ ಎಲ್ಲ ಹಿಂದೆಯೇ ಇರಬೇಕು. ಮಲೆನಾಡಿನ ಕಡೆ ಮಳೆಗಾಲದಲ್ಲಿ ಅಡಿಕೆ ಮರದ ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿದವರಿಗೆ ಇದನ್ನು ಹೇಳಿಕೊಡೋದೇ ಬೇಡ. ಮೊದಲು ಪಾದ ಇಟ್ಟು, ಜಾರುತ್ತದೆಯೇ ಅಂತ ನೋಡುತ್ತಾರೆ. ಭಾರ ಇನ್ನೂ ಹಿಂದಿನ ಕಾಲ ಮೇಲೇ ಇರುತ್ತದೆ. ಮೈ ಆಮೇಲೆ ಬರುತ್ತದೆ. ಸ್ಟ್ರೈಡ್ ಅಂದರೆ ಆ ಮೊದಲ ಅರ್ಧ ಮಾತ್ರ.

ಕ್ರಿಕೆಟ್‌ನಿಂದ ಬಂದವರಿಗೆ ಇಲ್ಲೇ ತೊಡಕು. ಕ್ರಿಕೆಟ್‌ನಲ್ಲಿ ಚೆಂಡು ಎಲ್ಲಿ ಪುಟಿಯುತ್ತೋ ಕಾಲು ಅಲ್ಲಿಗೆ ಹೋಗಬೇಕು. ಲೈನ್ ನೋಡಿ, ಲೆಂಗ್ತ್ ನೋಡಿ, ಮುಂದೆ ಹೋಗಲೋ ಹಿಂದೆ ಹೋಗಲೋ ಅಂತ ಕಾಲು ತೀರ್ಮಾನ ಮಾಡುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಪುಟಿತವೇ ಇಲ್ಲ. ಬ್ಯಾಟರ್ ಪಕ್ಕದಲ್ಲಿ ನೆಲದ ಮೇಲಿರುವ ಹಲಗೆ, ಅಂದರೆ ಹೋಮ್ ಪ್ಲೇಟಿನ ಅಗಲ 17 ಇಂಚು, ಅಷ್ಟಕ್ಕೂ ಬ್ಯಾಟೇ ಸಾಲುತ್ತದೆ. ಹಾಗಾಗಿ ಕಾಲು ಚೆಂಡನ್ನು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಒಳಗಿನ, ಅಂದರೆ ಮೈ ಹತ್ತಿರದ ಚೆಂಡು ಬರಲಿ, ಹೊರಗಿನದು ಬರಲಿ, ಹೆಜ್ಜೆ ಬೀಳುವ ಜಾಗ ಒಂದೇ. ಸ್ಟ್ರೈಡ್ ಹೇಳೋದು ಯಾವಾಗ ಅಂತ. ಎಲ್ಲಿ ಅನ್ನೋದನ್ನು ಕೈ, ಕಣ್ಣು ನೋಡಿಕೊಳ್ಳುತ್ತವೆ.

ಭಾರ ಹಿಂದೆ ಯಾಕಿರಬೇಕು? ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ, ಅಂದರೆ ಚೆಂಡನ್ನು ವೇಗವಾಗಿ ಎಸೆಯುವ ಸಾಫ್ಟ್‌ಬಾಲ್‌ನಲ್ಲಿ, ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ, ಅಂದರೆ 13.11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಅರ್ಧ ಸೆಕೆಂಡ್ ಆಗೋದ್ರೊಳಗೆ ಪ್ಲೇಟ್ ಮೇಲಿರುತ್ತದೆ. ಅಷ್ಟರಲ್ಲಿ ನೋಡಬೇಕು, ಹೊಡೆಯಲೋ ಬಿಡಲೋ ಅಂತ ನಿರ್ಧರಿಸಬೇಕು, ಬ್ಯಾಟ್ ತಿರುಗಿಸಬೇಕು. ಕಾಲು ಆಗಲೇ ನೆಲ ಮುಟ್ಟಿ ತಯಾರಾಗಿರದಿದ್ದರೆ ಸಮಯವೇ ಉಳಿಯಲ್ಲ. ಇನ್ನು ಚೇಂಜ್-ಅಪ್ ಅಂತ ಒಂದಿದೆ. ಕೈ ಅದೇ ರಭಸದಲ್ಲಿ ಸುತ್ತುತ್ತದೆ, ಚೆಂಡು ಮಾತ್ರ ನಿಧಾನವಾಗಿ ಬರುತ್ತದೆ. ಹೆಜ್ಜೆಯ ಜೊತೆಗೆ ಮೈಯನ್ನೂ ಮುಂದೆ ಹಾಕಿದವಳು ಚೆಂಡು ಬರುವ ಮೊದಲೇ ಮುಗ್ಗರಿಸಿರುತ್ತಾಳೆ. ಭಾರ ಹಿಂದೆ ಉಳಿಸಿಕೊಂಡವಳು ಒಂದು ಕ್ಷಣ ಕಾದು ಹೊಡೆಯಬಹುದು.

ಹೆಜ್ಜೆಗೂ ಮೊದಲು ನಿಲುವು. ಕಬಡ್ಡಿಯಲ್ಲಿ ರೈಡರ್ ಬರುವಾಗ ಎದುರಿನವರು ನಿಲ್ಲುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಪಾದಗಳ ನಡುವೆ ಭುಜದಗಲಕ್ಕಿಂತ ತುಸು ಜಾಸ್ತಿ ಜಾಗ, ಮಂಡಿ ಸ್ವಲ್ಪ ಬಾಗಿರಬೇಕು, ಭಾರ ಹೆಬ್ಬೆರಳ ಬುಡದ ಮೇಲಿರಬೇಕು. ಭುಜವನ್ನು ಮೆಲ್ಲಗೆ ತಳ್ಳಿದರೆ ಅಲುಗಬಾರದು. ಹೆಜ್ಜೆ ಎತ್ತುವ ಮುಂಚೆ ಮೈಭಾರ ಹಿಂದಿನ ಕಾಲಿಗೆ ಒಂಚೂರು ಸರಿಯುತ್ತದೆ. ಅದಕ್ಕೆ ಲೋಡ್ ಅಂತಾರೆ.

ಕಾಲು ಇಳಿಯುವ ರೀತಿ ನನಗೆ ತುಂಬ ಮುಖ್ಯ. ಮಲಗಿರುವ ಮಗುವಿನ ಕೋಣೆಗೆ ಹೋಗುವ ಹಾಗೆ ಇಳಿಯಬೇಕು. ಮೊದಲು ಹೆಬ್ಬೆರಳ ಬುಡ, ಆಮೇಲೆ ಹಿಮ್ಮಡಿ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ಹತ್ತುವುದಿಲ್ಲ. ಅದಕ್ಕೆ ನಾನು ಮೈದಾನಕ್ಕೆ ಗೆರೆ ಹಾಕುವ ಪುಡಿಯನ್ನು ಬ್ಯಾಟರ್ ನಿಲ್ಲುವ ಜಾಗದಲ್ಲಿ ತೆಳ್ಳಗೆ ಉದುರಿಸುತ್ತೇನೆ. ‘ಹೊಡೀಬೇಡ, ಹೆಜ್ಜೆ ಇಟ್ಟು ಹಾಗೇ ನಿಲ್ಲು’ ಅನ್ನುತ್ತೇನೆ. ಆಮೇಲೆ ಇಬ್ಬರೂ ಬಗ್ಗಿ ಗುರುತು ನೋಡುತ್ತೇವೆ. ಹಿಮ್ಮಡಿ ಆಳವಾಗಿ ಒತ್ತಿದ್ದರೆ ಮೈ ಮುಂದೆ ಬಿದ್ದಿದೆ ಅಂತ. ಬೆರಳ ಬುಡದ ಗುರುತು ಮಾತ್ರ ಇದ್ದರೆ ಸರಿ. ಇನ್ನೊಂದು ಪರೀಕ್ಷೆಯೂ ಇದೆ. ನಿಂತ ಜಾಗದಲ್ಲೇ ಮುಂದಿನ ಕಾಲನ್ನು ಎತ್ತಲು ಹೇಳಿ. ಮೈ ಅಲುಗಿಸದೆ ಎತ್ತಿದರೆ ಭಾರ ಹಿಂದೆಯೇ ಇದೆ. ಮೊದಲು ಹಿಂದಕ್ಕೆ ವಾಲಿ ಆಮೇಲೆ ಎತ್ತಿದರೆ, ಹೆಜ್ಜೆಯಲ್ಲೇ ಭಾರ ಹೋಗಿಬಿಟ್ಟಿದೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಗುರುತು ಮಾತ್ರ ಪ್ರತಿ ಸಲ ಎಡಕ್ಕೆ, ಥರ್ಡ್ ಬೇಸ್ ಕಡೆಗೆ ಬೀಳುತ್ತಿತ್ತು. ಬಲಗೈ ಬ್ಯಾಟರ್ ಆ ಕಡೆ ಕಾಲು ಹಾಕಿದರೆ ಸೊಂಟ ಮೊದಲೇ ತೆರೆದುಕೊಳ್ಳುತ್ತದೆ, ಹೊರಗಿನ ಚೆಂಡು ಬ್ಯಾಟಿಗೆ ಎಟುಕುವುದೇ ಇಲ್ಲ. ಕಾಲು ನೇರ ಇಡು ಅಂತ ನಾನು ಒಂದು ವಾರ ಕಿರುಚಿದೆ. ಕೊನೆಗೆ ಅವಳೇ ಹೇಳಿದಳು: ‘ಸರ್, ಹೋದ ತಿಂಗಳು ಪಕ್ಕೆಗೆ ಚೆಂಡು ಬಿತ್ತಲ್ಲ, ಅವತ್ತಿಂದ ಕಾಲು ತಾನೇ ಓಡತ್ತೆ.’ ಅದು ಕಾಲಿನ ತಪ್ಪಲ್ಲ, ಹೆದರಿಕೆ. ನಾನು ಮೊದಲೇ ಕೇಳಬೇಕಿತ್ತು. ಮಾರನೇ ದಿನದಿಂದ ಪ್ಲಾಸ್ಟಿಕ್ ಚೆಂಡು ಹಿಡಿದೆವು. ಅವಳ ಹಿಮ್ಮಡಿಗಳ ಹಿಂದೆ ನೆಲದ ಮೇಲೆ ಒಂದು ಬ್ಯಾಟ್ ಮಲಗಿಸಿದೆ, ಕಾಲು ಓಡಿದರೆ ತಾಗಲಿ ಅಂತ. ಆಮೇಲೆ ಟೆನಿಸ್ ಚೆಂಡು, ಆಮೇಲೆ ನಿಜವಾದ ಚೆಂಡು. ಮೂರು ವಾರಕ್ಕೆ ಗುರುತುಗಳು ಒಂದರ ಮೇಲೊಂದು ಬೀಳತೊಡಗಿದವು. ಮಧ್ಯೆ ಒಂದೆರಡು ಸಲ ಮತ್ತೆ ಎಡಕ್ಕೆ ಹೋದವು, ಆದರೆ ಆಗ ನಾನು ಕಿರುಚಲಿಲ್ಲ.

ಹಿಮ್ಮಡಿ ಇಳಿದ ಮೇಲೆ ಸ್ಟ್ರೈಡಿನ ಕೆಲಸ ಮುಗಿಯಿತು. ಅಲ್ಲಿಂದ ಹೊಡೆತ ಶುರು. ಮುಂದಿನ ಕಾಲು ಬಾಗಿಲ ಚೌಕಟ್ಟಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ, ಸೊಂಟ ಬಾಗಿಲಿನಂತೆ ತಿರುಗುತ್ತದೆ. ಚೌಕಟ್ಟು ಅಲ್ಲಾಡಿದರೆ ಬಾಗಿಲು ಸರಿಯಾಗಿ ಬಡಿಯಲ್ಲ ಅಲ್ವಾ? ದಾಪುಗಾಲು ಹಾಕಿದವಳಿಗೆ ಆಗೋದು ಇದೇ. ಮಂಡಿ ಬಗ್ಗಿ ಮುಂದಕ್ಕೆ ಜಾರುತ್ತದೆ, ತಲೆ ಕೆಳಗಿಳಿಯುತ್ತದೆ, ಕಣ್ಣಿಗೆ ಚೆಂಡು ಮೇಲೆದ್ದ ಹಾಗೆ ಕಾಣುತ್ತದೆ. ಹಿಂದಿನ ಪಾದಕ್ಕೆ ‘ಹುಳ ಹೊಸಕು’ ಅನ್ನೋ ಹಳೇ ಸೂಚನೆ ಒಂದಿದೆ. ನಾನು ಅದನ್ನು ಬಿಟ್ಟಿದ್ದೇನೆ. ಮಕ್ಕಳು ನಿಜಕ್ಕೂ ಹೊಸಕುತ್ತಾ ನಿಂತುಬಿಡುತ್ತಾರೆ, ಭಾರ ಹಿಂದೆಯೇ ಅಂಟಿಕೊಳ್ಳುತ್ತದೆ. ಸೊಂಟ ಜೋರಾಗಿ ತಿರುಗಿದರೆ ಹಿಂದಿನ ಹಿಮ್ಮಡಿ ತಾನಾಗೇ ಏಳುತ್ತದೆ.

ಇದೆಲ್ಲ ಅನ್ವಯಿಸದ ಒಬ್ಬರಿದ್ದಾರೆ, ಸ್ಲ್ಯಾಪರ್. ಎಡಗೈ ಬ್ಯಾಟರ್ ಆಗಿ ನಿಂತು, ಹೊಡೆದವರು ಮೊದಲು ಮುಟ್ಟಬೇಕಾದ ಫಸ್ಟ್ ಬೇಸಿಗೆ ಓಡುತ್ತಲೇ ಚೆಂಡನ್ನು ಮುಟ್ಟಿಸುವವಳು. ಅವಳ ಹಿಂದಿನ ಕಾಲು ಮುಂದಿನದನ್ನು ದಾಟಿ ಬರುತ್ತದೆ, ಮೈಯೂ ಜೊತೆಗೇ ಹೊರಡುತ್ತದೆ. ಬ್ಯಾಟಿಗೆ ಚೆಂಡು ತಾಗುವಾಗ ಒಂದು ಪಾದ ಪೂರ್ತಿಯಾಗಿ ಬಾಕ್ಸಿನ, ಅಂದರೆ ಬ್ಯಾಟರ್ ನಿಲ್ಲುವ ಚೌಕದ, ಗೆರೆಯಾಚೆ ನೆಲ ಮುಟ್ಟಿದ್ದರೆ ಅವಳು ಔಟ್. ಅವಳಿಗೂ ಪುಡಿ ಉದುರಿಸುತ್ತೇನೆ, ಆದರೆ ನೋಡೋದು ಗೆರೆಯನ್ನು.