ಪೋಕೆಮಾನ್ ಹಿಡಿಯಲು ಈಗ ಕೈಚಳಕವೂ ಬೇಕು

ತಣ್ಣೀರುಬಾವಿಯ ಮರಳಿನಲ್ಲಿ ಡೆಂಜಿಯ ಹಿಂದೆ ಓಡಿದ ಮಕ್ಕಳಿಗೆಲ್ಲ ಗೊತ್ತು, ನೇರವಾಗಿ ನುಗ್ಗಿದರೆ ಅದು ಸಿಗುವುದಿಲ್ಲ. ಕಡ್ಡಿಯ ತುದಿಗೆ ಸಿಕ್ಕಿಸಿದಂತಿರುವ ಕಣ್ಣುಗಳಿಂದ ಸುತ್ತಲೂ ನೋಡುವ ಈ ಏಡಿ ನಿಂತ ಮನುಷ್ಯನನ್ನು ದೂರದಿಂದಲೇ ಕಂಡು ಬಿಲ ಸೇರಿಬಿಡುತ್ತದೆ. ಕುಕ್ಕರುಗಾಲಲ್ಲಿ ಮೆಲ್ಲಗೆ ಸರಿದರೆ ಇನ್ನೊಂದಿಷ್ಟು ಹತ್ತಿರ ಹೋಗಬಹುದು. ಪ್ರಾಣಿ ಓಟ ಕೀಳುವ ಆ ಅಂತರವನ್ನು ಜೀವಶಾಸ್ತ್ರಜ್ಞರು ಮೀಟರಿನಲ್ಲಿ ಅಳೆಯುತ್ತಾರೆ. ಬರುವವರ ವೇಗ, ಬರುವ ದಿಕ್ಕು, ಬಿಲ ಎಷ್ಟು ದೂರದಲ್ಲಿದೆ ಎಂಬುದು, ಇವೆಲ್ಲ ಅದನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ.

ಬಾಲ್ಯದಲ್ಲಿ ಕೀಟ ಹಿಡಿಯುವ ಹುಚ್ಚಿದ್ದ ಸತೋಶಿ ತಾಜಿರಿ ರೂಪಿಸಿದ, ಜೀವಿಗಳನ್ನು ಹಿಡಿಯುವ ಪೋಕೆಮಾನ್ ವಿಡಿಯೊ ಆಟದಲ್ಲಿ ವಿಚಿತ್ರವೆಂದರೆ ಈ ಅಂತರವೇ ಇರಲಿಲ್ಲ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ 151 ಜೀವಿಗಳೊಂದಿಗೆ ಬಂದ ಸರಣಿ ಒಂಬೈನೂರರ ಹತ್ತಿರಕ್ಕೆ ಬೆಳೆದರೂ ಹಿಡಿಯುವ ಕ್ರಮ ಹೆಚ್ಚು ಬದಲಾಗಲಿಲ್ಲ. ಹುಲ್ಲಿನಲ್ಲಿ ನಡೆ, ಪರದೆ ಮಿನುಗಲಿ, ಹೊಡೆದು ಸುಸ್ತು ಮಾಡು, ಜೀವಿಯನ್ನು ಒಳಗೆ ಸೆಳೆದುಕೊಳ್ಳುವ ಚೆಂಡು ಎಸೆ. 2018 ಮತ್ತು 2019ರ ಆಟಗಳಲ್ಲಿ ಜೀವಿಗಳು ಹುಲ್ಲಿನಲ್ಲಿ ಕಣ್ಣಿಗೆ ಬೀಳತೊಡಗಿದವಾದರೂ ಹಿಡಿಯುವುದು ಬೇರೆಯದೇ ಪರದೆಯಲ್ಲಿ ನಡೆಯುತ್ತಿತ್ತು. 2022ರ ಜನವರಿ 28ರಂದು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ ಬಂದ ‘ಲೆಜೆಂಡ್ಸ್: ಆರ್ಸಿಯಸ್’ ಆ ಗೋಡೆಯನ್ನು ಒಡೆಯಿತು. ಅದು ಸರಣಿಗೆ ಹೊಸ ಉಸಿರು ಕೊಟ್ಟದ್ದು ಚಿತ್ರದ ಅಂದದಿಂದಲ್ಲ. ನಿಜ ಹೇಳಬೇಕೆಂದರೆ ಅದರ ಚಿತ್ರಗಳು ಸಾಧಾರಣ. ಯಂತ್ರದೊಳಗೆ ಅಡಗಿ ಕೂತಿದ್ದ ಅದೃಷ್ಟದ ದಾಳದ ಒಂದು ಪಾಲನ್ನು ಆಟಗಾರನ ಕೈಗೆ ಒಪ್ಪಿಸಿದ್ದೇ ಅದರ ಹೊಸತನ.

ಹಳೆಯ ದಾಳ ಹೇಗಿತ್ತೆಂದು ಮೊದಲು ನೋಡೋಣ. ಪ್ರತಿ ಜೀವಿಗೂ 3ರಿಂದ 255ರವರೆಗಿನ ಒಂದು ಹಿಡಿತದ ಅಂಕೆ ಇರುತ್ತದೆ. ಕ್ಯಾಟರ್‌ಪೀ ಎಂಬ ಕಂಬಳಿಹುಳುವಿಗೆ 255, ಪಿಕಾಚುಗೆ 190, ಮ್ಯೂಟೂಗೆ ಬರೀ 3. ಪೂರ್ತಿ ಆರೋಗ್ಯದಲ್ಲಿರುವ ಜೀವಿಗೆ ಈ ಅಂಕೆಯ ಮೂರನೇ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ; ಅದನ್ನು 255ರಿಂದ ಭಾಗಿಸಿ. 2002ರ ಆಟಗಳ ಸೂತ್ರದ ಪ್ರಕಾರ ಸಾಮಾನ್ಯ ಚೆಂಡಿಗೆ ಕ್ಯಾಟರ್‌ಪೀ ಸಿಗುವ ಸಾಧ್ಯತೆ ಮೂರಕ್ಕೆ ಒಂದು, ಮ್ಯೂಟೂ ಸಿಗುವುದು 255ಕ್ಕೆ ಒಂದು. ಮ್ಯೂಟೂವಿನ ಜೀವವನ್ನು ಕೊನೆಯ ಹನಿಗಿಳಿಸಿದರೆ 255ಕ್ಕೆ ಸುಮಾರು 3. ಮಲಗಿಸಿದರೆ ದುಪ್ಪಟ್ಟು, ಅಲ್ಟ್ರಾ ಬಾಲ್ ಎಸೆದರೆ ಮತ್ತೆ ದುಪ್ಪಟ್ಟು. ಇಷ್ಟೆಲ್ಲ ಪಾಡು ಪಟ್ಟ ಮೇಲೂ 255ಕ್ಕೆ 12, ಅಂದರೆ ಶೇ. 4.7.

ಚೆಂಡು ಮೂರು ಸಲ ಅಲುಗಾಡಿ ಕೊನೆಗೆ ಬಾಯಿಬಿಡುವಾಗ ‘ಛೆ, ಸ್ವಲ್ಪದರಲ್ಲಿ ತಪ್ಪಿತು’ ಎನಿಸುತ್ತದಲ್ಲ, ಅದಕ್ಕೂ ಲೆಕ್ಕವಿದೆ. ಆ ಶೇ. 4.7ನ್ನು ಯಂತ್ರ ನಾಲ್ಕು ಸಮಾನ ಪರೀಕ್ಷೆಗಳಾಗಿ ಒಡೆಯುತ್ತದೆ. ಪ್ರತಿಯೊಂದರಲ್ಲೂ ಪಾಸಾಗುವ ಸಾಧ್ಯತೆ ಸುಮಾರು ಶೇ. 47. ಹಾಗಾಗಿ ಒಂದೆರಡು ಸಲ ಅಲುಗುವುದು ಮಾಮೂಲು, ನಾಲ್ಕನ್ನೂ ದಾಟುವುದು ಅಪರೂಪ. ಬಿ ಬಟನ್ ಒತ್ತಿ ಹಿಡಿದರೆ ಚೆಂಡು ಬಿಗಿಯಾಗುತ್ತದೆ ಎಂಬ ನಂಬಿಕೆ ಊರೂರಲ್ಲಿದೆ; ಬೆರಳು ನೋಯುವುದೊಂದೇ ಅದರ ಫಲ.

ಆರ್ಸಿಯಸ್‌ನಲ್ಲಿ ಹೋರಾಡದೆಯೇ ಹಿಡಿಯಬಹುದು. ಬಿ ಒತ್ತಿ ಕುಕ್ಕರಿಸಿ ಎತ್ತರದ ಹುಲ್ಲಿಗೆ ನುಸುಳಿ, ಝಡ್‌ಆರ್ ಒತ್ತಿ ಹಿಡಿದು ಗುರಿ ಇಟ್ಟು, ಬಿಟ್ಟರೆ ಚೆಂಡು ಹಾರುತ್ತದೆ. ಜೀವಿ ನಿಮ್ಮನ್ನು ಕಂಡಿಲ್ಲದಿದ್ದರೆ, ಅದರಲ್ಲೂ ಏಟು ಬೆನ್ನಿಗೆ ಬಿದ್ದರೆ, ಹಿಡಿಯುವ ಸಾಧ್ಯತೆ ಏರುತ್ತದೆ. ಕಂಡು ಕೆರಳಿದ್ದರೆ ಗುರಿಯ ಮೇಲೆ ಅಡ್ಡಗೀಟಿನ ಗುರುತು ಬರುತ್ತದೆ. ಆಗ ಎಸೆದ ಚೆಂಡು ಪುಟಿದು ಬೀಳುತ್ತದೆ. ಹೊಸಬರು ಎಡವುವುದು ಇಲ್ಲೇ. ಗಾಬರಿಯಲ್ಲಿ ಚೆಂಡುಗಳನ್ನೆಲ್ಲ ಖಾಲಿ ಮಾಡುವ ಬದಲು ಓಡಿಹೋಗಿ, ಅದು ಮರೆಯುವವರೆಗೆ ಹುಲ್ಲಿನಲ್ಲಿ ಕಾಯಬೇಕು, ಇಲ್ಲವೇ ಹೊಗೆಬಾಂಬ್ ಎಸೆದು ಮರೆಯಾಗಬೇಕು. ಅದರ ಏಟಿಗೆ ನೀವೇ ಮೂರ್ಛೆ ಬಿದ್ದರೆ ಚೀಲದ ಒಂದಿಷ್ಟು ಸಾಮಾನು ಅಲ್ಲೇ ಕಳೆದುಹೋಗುತ್ತದೆ.

ಚೆಂಡನ್ನೂ ನೀವೇ ತಯಾರಿಸಿಕೊಳ್ಳಬಹುದು. ಒಂದು ಏಪ್ರಿಕಾರ್ನ್ ಕಾಯಿ, ಒಂದು ಟಂಬಲ್‌ಸ್ಟೋನ್ ಕಲ್ಲು ಸೇರಿದರೆ ಸಾದಾ ಚೆಂಡು. ಕಪ್ಪು ಕಲ್ಲು ಹಾಕಿದರೆ ಹೆವಿ ಬಾಲ್: ದೂರ ಹೋಗದು, ಆದರೆ ಗಮನವಿಲ್ಲದ ಜೀವಿಗೆ ತಾಗಿದರೆ ಹಿಡಿತ ಜೋರು. ನೀಲಿ ಕಲ್ಲಿನದು ಫೆದರ್ ಬಾಲ್, ದೂರಕ್ಕೆ ಹೆಚ್ಚುಕಡಿಮೆ ನೇರ ಹಾರುತ್ತದೆ. ಇದರಲ್ಲಿ ಭೌತಶಾಸ್ತ್ರ ಅರ್ಧ ಸರಿ. ಅದೇ ತೋಳು, ಅದೇ ಬಲ. ಅಡಿಕೆಯಷ್ಟು ದೂರ ತೆಂಗಿನಕಾಯಿ ಹೋಗದು. ಎಸೆದ ವೇಗ ಅರ್ಧವಾದರೆ ದೂರ ಕಾಲುಭಾಗಕ್ಕಿಳಿಯುತ್ತದೆ. ಆದರೆ ಗಾತ್ರ ಒಂದೇ ಇದ್ದು ಗರಿಯಷ್ಟು ಹಗುರಾದ ಚೆಂಡನ್ನು ನಿಜವಾದ ಗಾಳಿ ಬೇಗ ತಡೆದುಬಿಡುತ್ತದೆ. ಅಲ್ಲಿ ಆಟ ಸುಳ್ಳು ಹೇಳುತ್ತದೆ, ಆಟದ ಹಿತಕ್ಕಾಗಿ.

ಒಂದನ್ನು ಹಿಡಿದ ಮಾತ್ರಕ್ಕೆ ಆಟದೊಳಗಿನ ಜೀವಿಗಳ ದಾಖಲೆ ಪುಸ್ತಕದಲ್ಲಿ ಅದರ ಪುಟ ತುಂಬುವುದಿಲ್ಲ. ಕಣ್ಣಿಗೆ ಬೀಳದೆ ಹಿಡಿದದ್ದೆಷ್ಟು, ಹಗಲಲ್ಲಿ ಸಿಕ್ಕಿದ್ದೆಷ್ಟು, ದೊಡ್ಡ ಗಾತ್ರದವೆಷ್ಟು, ತಿನ್ನಲು ಕೊಟ್ಟದ್ದೆಷ್ಟು ಎಂದು ಲೆಕ್ಕ ಕೂಡಿ ಸಂಶೋಧನಾ ಮಟ್ಟ 10 ಮುಟ್ಟಬೇಕು. ಮೂಡುಬಿದಿರೆ–ಕಾರ್ಕಳ ದಾರಿಯ ಬೆಳುವಾಯಿ ಚಿಟ್ಟೆ ಪಾರ್ಕಿಗೆ ನೋಟ್‌ಪುಸ್ತಕ ಹಿಡಿದು ಹೋಗುವವರ ಕ್ರಮವೂ ಇದೇ. ರೆಕ್ಕೆ ಬಿಡಿಸಿ ಬಿಸಿಲು ಕಾಯಿಸಿಕೊಳ್ಳುವ ಬೆಳಗಿನ ಹೊತ್ತು ನೋಡಿ, ನೆರಳು ಚಿಟ್ಟೆಯ ಮೇಲೆ ಬೀಳದಂತೆ ಬದಿಯಿಂದ ಸರಿಯಬೇಕು. ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ತಿನ್ನುತ್ತದೆ ಎಂಬುದೂ ಹೀಗೆ ಕಾದು ಕೂತವರ ಪುಸ್ತಕದಲ್ಲೇ ಸೇರಿದ್ದು. ಬಲೆ ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆ ಹಲವು ಚಿಟ್ಟೆಗಳಿಗೂ ರಕ್ಷಣೆ ಕೊಟ್ಟಿದೆ.

ಬೇರೆ ಬಣ್ಣದಲ್ಲಿ ಹುಟ್ಟುವ ‘ಶೈನಿ’ಗಳ ವಿಷಯದಲ್ಲಿ ದಾಳ ಇನ್ನೂ ಒಳಗೇ ಇದೆ. 2013ರಿಂದ ಅದರ ಮೂಲ ಸಾಧ್ಯತೆ 4096ಕ್ಕೆ ಒಂದು. 4096 ನೋಡಿದರೆ ಒಂದಾದರೂ ಸಿಕ್ಕೇ ಸಿಗುತ್ತದೆ ಎಂದುಕೊಂಡರೆ ತಪ್ಪು. ಅಷ್ಟು ನೋಡಿದವರಲ್ಲೂ ನೂರಕ್ಕೆ 37 ಮಂದಿ ಬರಿಗೈ. ಅರ್ಧಕ್ಕರ್ಧ ಸಾಧ್ಯತೆ ಬರುವುದು 2839ನೇ ಭೇಟಿಯ ಹೊತ್ತಿಗೆ, ಶೇ. 90 ತಲುಪಲು 9400 ದಾಟಬೇಕು. ಆರ್ಸಿಯಸ್‌ನಲ್ಲಿ ಒಂದೇ ಜಾತಿ ಗುಂಪುಗುಂಪಾಗಿ ಏಳುವ ಜಾಗಗಳಲ್ಲಿ ಯಂತ್ರ ಒಂದರ ಬದಲು 26 ಸಲ ದಾಳ ಉರುಳಿಸುತ್ತದೆ. ಸಾಧ್ಯತೆ ಸುಮಾರು 158ಕ್ಕೆ ಒಂದಾಗುತ್ತದೆ. ನಕ್ಷೆಯಲ್ಲಿ ಗುಂಪಿನ ಗುರುತು ಕಂಡರೆ ಬೇರೆ ಕೆಲಸ ಬಿಟ್ಟು ಹೊರಡಿ.

2025ರ ಅಕ್ಟೋಬರ್ 16ರ ‘ಲೆಜೆಂಡ್ಸ್: ಝಡ್-ಎ’ ಇದೇ ದಾರಿಯಲ್ಲಿ ಮುಂದೆ ಹೋಗಿ, ಸರದಿಯ ಕಾಳಗವನ್ನೇ ಕೈಬಿಟ್ಟಿತು. ಜೀವಿಯ ಪ್ರತಿ ದಾಳಿಗೂ ತಲುಪುವ ದೂರವಿದೆ, ಮತ್ತೆ ಸಿದ್ಧವಾಗಲು ಕಾಯುವ ಸಮಯವಿದೆ.

ದಾಳ ಕೈಗೆ ಬಂತೆಂದರೆ ಕೈಯ ಸಲಕರಣೆಯೂ ನೆಟ್ಟಗಿರಬೇಕು. ಸ್ವಿಚ್‌ನ ಕೈಯಲ್ಲಿ ಹಿಡಿಯುವ ನಿಯಂತ್ರಕ ಜಾಯ್‌ಕಾನ್‌ನ ಕಡ್ಡಿಯೊಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಉಜ್ಜುತ್ತದೆ. ಪಟ್ಟಿ ಸವೆದು ಪುಡಿ ಸೇರಿದಾಗ ಮುಟ್ಟದಿದ್ದರೂ ಗುರಿ ತಾನೇ ಜಾರುತ್ತದೆ. ಸೆಟ್ಟಿಂಗ್ಸ್‌ನ ಕಂಟ್ರೋಲರ್ಸ್ ವಿಭಾಗದಲ್ಲಿ ಕಡ್ಡಿಯ ಕ್ಯಾಲಿಬ್ರೇಷನ್ ಮಾಡಿದರೆ ಸ್ವಲ್ಪ ಕಾಲ ತಳ್ಳಬಹುದು. ಸವೆತ ಹೆಚ್ಚಿದ್ದರೆ ಕಡ್ಡಿಯನ್ನೇ ಬದಲಿಸಬೇಕು. ಕರಾವಳಿಯ ತೊಂದರೆ ಬೇರೆ. ಸ್ವಿಚ್‌ಗೆ ಹೇಳಿರುವ ಮಿತಿ 5ರಿಂದ 35 ಡಿಗ್ರಿ ಉಷ್ಣತೆ, ಶೇ. 20ರಿಂದ 80ರ ತೇವಾಂಶ. ಮಂಗಳೂರು, ಉಡುಪಿಯ ಮಳೆಗಾಲದ ಆಟಿ ತಿಂಗಳ ಗಾಳಿ 80ನ್ನು ಸಲೀಸಾಗಿ ದಾಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಎ.ಸಿ. ಕೋಣೆಯಿಂದ ಚಾವಡಿಗೆ ತಂದ ಕೂಡಲೇ ಆನ್ ಮಾಡಬೇಡಿ. ತಂಪಾದ ಮೈಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ, ಒಳಗೂ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಅಷ್ಟಾಗಿಯೂ ಗುರಿ ಜಾರುತ್ತಿದ್ದರೆ ಆಟದ ಆಯ್ಕೆಗಳಲ್ಲಿ ಮೋಷನ್ ಏಮಿಂಗ್ ಹಾಕಿ, ಕೊನೆಯ ಕೂದಲೆಳೆಯ ಗುರಿಯನ್ನು ಮಣಿಕಟ್ಟು ತಿರುಗಿಸಿ ಹಿಡಿಯಿರಿ.