ನಮ್ಮೂರ ಕಾಂಪ್ಲೆಕ್ಸ್‌ಗೆ ಮಾಲ್ ಅಂತ ಬೋರ್ಡ್ ಹಾಕಿದರೆ ಸಾಕಾ?

ಓದುಗರ ಪ್ರಶ್ನೆ: ನಮ್ಮ ಪೇಟೆಯಲ್ಲಿ ನಾಲ್ಕು ಮಾಳಿಗೆಯ ಹೊಸ ಕಟ್ಟಡ ಏಳುತ್ತಿದೆ. ಬೋರ್ಡಿನಲ್ಲಿ ‘ಮಾಲ್’ ಅಂತಲೇ ಇದೆ. ದುಬೈಯಲ್ಲಿರುವ ತಮ್ಮ ಎರಡನೇ ಮಾಳಿಗೆಯಲ್ಲಿ ಎರಡು ಅಂಗಡಿ ರೂಮು ತೆಗೆದುಕೊಳ್ಳೋಣ ಅನ್ನುತ್ತಿದ್ದಾನೆ. ಕಾಂಪ್ಲೆಕ್ಸ್‌ಗೂ ಮಾಲ್‌ಗೂ ನಿಜವಾಗಿ ಏನು ವ್ಯತ್ಯಾಸ? ಮಂಗಳೂರಿನ ಮಾಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನಮ್ಮ ಕಾಂಪ್ಲೆಕ್ಸ್‌ಗಳ ಮೇಲಿನ ಮಾಳಿಗೆ ಖಾಲಿ ಹೊಡೆಯುತ್ತಿರುತ್ತದೆ. ಯಾಕೆ?

ಉತ್ತರ: ಉಪ್ಪಳ, ಕುಂಬಳೆ, ಬದಿಯಡ್ಕ, ಕಾಸರಗೋಡು, ಯಾವ ಪೇಟೆಯಲ್ಲಿ ನಾಲ್ಕು ಜನ ಸೇರಿದರೂ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ತಮ್ಮನ ದುಡ್ಡು ಸುಮ್ಮನೆ ಬಂದದ್ದಲ್ಲ, ಬಿಸಿಲಲ್ಲಿ ದುಡಿದದ್ದು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಗಾಜಿನ ಗೋಡೆ, ಎಸಿ, ಎಸ್ಕಲೇಟರ್ ಇದ್ದರೆ ಮಾಲ್ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅವನ್ನೆಲ್ಲ ಯಾವ ಕಟ್ಟಡಕ್ಕೂ ಹಾಕಬಹುದು. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಈ ಕಟ್ಟಡಕ್ಕೆ ಯಜಮಾನರು ಎಷ್ಟು ಜನ? ಕಾಂಪ್ಲೆಕ್ಸ್ ಕಟ್ಟಿದವರು ರೂಮುಗಳನ್ನು ಒಂದೊಂದಾಗಿ ಮಾರಿ ಹೋಗುತ್ತಾರೆ. ಮಾಲ್ ಕಟ್ಟಿದವರು ಸಾಮಾನ್ಯವಾಗಿ ಮಾರುವುದಿಲ್ಲ, ಎಲ್ಲವನ್ನೂ ತಾವೇ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಾರೆ. ಮಿಕ್ಕ ವ್ಯತ್ಯಾಸವೆಲ್ಲ ಇದರಿಂದಲೇ ಬರುತ್ತದೆ.

ನನ್ನ ಚಿಕ್ಕಮ್ಮ ಕಾಸರಗೋಡು ಪೇಟೆಯ ಒಂದು ಕಾಂಪ್ಲೆಕ್ಸಿನ ಎರಡನೇ ಮಾಳಿಗೆಯಲ್ಲಿ ಆರು ವರ್ಷ ಟೈಲರಿಂಗ್ ಅಂಗಡಿ ನಡೆಸಿದರು. ಮೊದಲ ಎರಡು ವರ್ಷ ಲಿಫ್ಟ್ ಓಡುತ್ತಿತ್ತು. ಆಮೇಲೆ ಒಂದು ದಿನ ಅದರ ಬಾಗಿಲಿಗೆ ‘ಲಿಫ್ಟ್ ಕೆಟ್ಟಿದೆ’ ಅಂತ ಕಾಗದ ಅಂಟಿತು. ಮೇಲೆ ಮಲಯಾಳ, ಕೆಳಗೆ ಕನ್ನಡ, ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಆ ಕಾಗದ ಹಳದಿಯಾಗಿ, ಮೂಲೆ ಮಡಚಿ, ಕೊನೆಗೆ ಅಕ್ಷರ ಮಾಸಿಹೋದರೂ ಲಿಫ್ಟ್ ಸರಿಯಾಗಲಿಲ್ಲ. ಮಂಡಿನೋವಿನ ಗಿರಾಕಿಗಳು ಕೆಳಗೆ ನಿಂತು ಫೋನ್ ಮಾಡುತ್ತಿದ್ದರು. ಚಿಕ್ಕಮ್ಮ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಪುಸ್ತಕ ಹಿಡಿದು ಮೆಟ್ಟಿಲಿಳಿದು ಹೋಗಿ, ಜೆರಾಕ್ಸ್ ಅಂಗಡಿಯ ಪಕ್ಕದ ಸಂದಿಯಲ್ಲಿ ಅಳತೆ ತೆಗೆದು ಬರುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಟ್ಯೂಬ್‌ಲೈಟ್ ಇಲ್ಲ, ಗೋಡೆ ತುಂಬಾ ಎಲೆಯಡಿಕೆ ಉಗಿದ ಕಲೆ.

ಲಿಫ್ಟ್ ಯಾಕೆ ಸರಿಯಾಗಲಿಲ್ಲ ಗೊತ್ತಾ? ಮೂವತ್ತಕ್ಕೂ ಹೆಚ್ಚು ರೂಮು, ಹೆಚ್ಚುಕಡಿಮೆ ಅಷ್ಟೇ ಯಜಮಾನರು. ಒಬ್ಬರು ಶಾರ್ಜಾದಲ್ಲಿ, ಒಬ್ಬರು ಬಹ್ರೇನ್‌ನಲ್ಲಿ, ಕೆಲವರು ರೇಟು ಏರಲಿ ಅಂತ ಶಟರ್ ಎಳೆದು ಬೀಗ ಹಾಕಿ ಹೋದವರು. ರಸ್ತೆಮಟ್ಟದ ಜವುಳಿ ಅಂಗಡಿಯವರು, ‘ನಮಗೆ ಲಿಫ್ಟ್ ಯಾಕೆ? ನಮ್ಮ ಗಿರಾಕಿ ರಸ್ತೆಯಿಂದ ನೇರ ಒಳಗೆ ಬರುತ್ತಾರೆ’ ಅಂದರು. ಅವರು ಕೆಟ್ಟವರಲ್ಲ, ಅವರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಮೇಲಿನ ಒಂದು ಶಟರ್ ಮುಚ್ಚಿದರೆ ಪಕ್ಕದ ಅಂಗಡಿಗೆ ಹತ್ತುವವರು ಕಡಿಮೆಯಾಗುತ್ತಾರೆ. ಅದೂ ಮುಚ್ಚುತ್ತದೆ. ಆಮೇಲೆ ಮೂರನೆಯದು. ಕೊನೆಗೆ ಚಿಕ್ಕಮ್ಮನೂ ಮೆಷಿನ್ ಎತ್ತಿಕೊಂಡು ಮನೆಗೆ ಬಂದರು. ನಿಮ್ಮ ಪ್ರಶ್ನೆ ಓದುವಾಗ ನನಗೆ ಮೊದಲು ನೆನಪಾದದ್ದು ಆ ಹಳದಿ ಕಾಗದ.

ಮಾಲ್‌ನಲ್ಲಿ ಇದೇ ಲೆಕ್ಕ ತಿರುಗಾಮುರುಗಾ. ಅಲ್ಲಿ ಮೂರನೇ ಮಾಳಿಗೆ ಖಾಲಿಯಾದರೆ ನಷ್ಟ ಬೀಳುವುದು ರಸ್ತೆಮಟ್ಟದ ಅಂಗಡಿಗಳ ಬಾಡಿಗೆ ತೆಗೆದುಕೊಳ್ಳುವ ಅದೇ ಯಜಮಾನನಿಗೆ. ಹಾಗಾಗಿ ಜನರನ್ನು ಮೇಲಕ್ಕೆ ಎಳೆಯುವ ಉಪಾಯವನ್ನು ಅವನು ಕಟ್ಟುವಾಗಲೇ ಮಾಡಿರುತ್ತಾನೆ. ಮಂಗಳೂರಿನ ಸಿಟಿ ಸೆಂಟರ್‌ನಲ್ಲಾಗಲಿ, ಪಾಂಡೇಶ್ವರದ ಫಿಜಾದಲ್ಲಾಗಲಿ ಸಿನಿಮಾ ನೋಡಬೇಕಾದರೆ ಮೇಲೆ ಹತ್ತಬೇಕು, ಗಮನಿಸಿದ್ದೀರಾ? ಊಟದ ಜಾಗವೂ ಮೇಲೆಯೇ. ಸಿನಿಮಾ ಮುಗಿಸಿದವರು ಒಂದೊಂದೇ ಮಾಳಿಗೆ ಇಳಿಯುತ್ತಾ ಅಂಗಡಿ ನೋಡುತ್ತಾ ಬರುತ್ತಾರೆ. ಹಲವು ಮಾಲ್‌ಗಳಲ್ಲಿ ಒಂದು ಎಸ್ಕಲೇಟರ್ ಇಳಿದರೆ ಮುಂದಿನದು ಅಲ್ಲೇ ಸಿಗುವುದಿಲ್ಲ, ಅರ್ಧ ಸುತ್ತು ಹಾಕಬೇಕು. ಅದೂ ಬೇಕೆಂದೇ ಮಾಡಿದ್ದು.

ಬಾಡಿಗೆಯ ಲೆಕ್ಕವೂ ಬೇರೆ. ಜನರನ್ನು ಕರೆತರುವ ದೊಡ್ಡ ಅಂಗಡಿಗಳನ್ನು, ಅಂದರೆ ಸೂಪರ್‌ಮಾರ್ಕೆಟ್, ದೊಡ್ಡ ಬಟ್ಟೆ ಮಳಿಗೆ, ಸಿನಿಮಾದಂಥವನ್ನು, ಈ ವ್ಯಾಪಾರದಲ್ಲಿ ‘ಆಂಕರ್’ ಅನ್ನುತ್ತಾರೆ. ಅವರಿಗೆ ಚದರಡಿಗೆ ಕಡಿಮೆ ಬಾಡಿಗೆ. ಅವರನ್ನು ನೋಡಿ ಬರುವ ಜನರ ಕಾಲ್ದಾರಿಯಲ್ಲಿ ಕೂರುವ ಸಣ್ಣ ಅಂಗಡಿಗೆ ಜಾಸ್ತಿ ಬಾಡಿಗೆ. ಎಷ್ಟೋ ಅಂಗಡಿಗಳ ಕರಾರಿನಲ್ಲಿ ಎರಡು ಅಂಕಿ ಇರುತ್ತವೆ: ಒಂದು ಕನಿಷ್ಠ ಬಾಡಿಗೆ, ಇನ್ನೊಂದು ತಿಂಗಳ ವ್ಯಾಪಾರದಲ್ಲಿ ಇಂತಿಷ್ಟು ಪಾಲು. ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಅಂದರೆ ಅಂಗಡಿಗೆ ವ್ಯಾಪಾರ ಆದರೆ ಯಜಮಾನನಿಗೂ ದುಡ್ಡು. ಇದರ ಮೇಲೆ ಎಸಿ, ಗುಡಿಸುವವರು, ಸೆಕ್ಯೂರಿಟಿ, ಶೌಚಾಲಯ, ಲಿಫ್ಟ್ ಎಲ್ಲಕ್ಕೂ ಸೇರಿ ಮೈಂಟೆನೆನ್ಸ್ ಬೇರೆ. ಆ ದುಡ್ಡು ಕಡ್ಡಾಯ. ಲಿಫ್ಟ್ ಬೇಕಾ ಬೇಡವಾ ಅಂತ ಸಭೆ ಕೂರುವ ಮಾತೇ ಇಲ್ಲ.

ಈ ವಿದ್ಯೆ ಎಲ್ಲಿಂದ ಬಂತು? 1956ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಈಡೈನಾದಲ್ಲಿ ಸೌತ್‌ಡೇಲ್ ಅನ್ನುವ ಮಾಲ್ ತೆರೆಯಿತು. ಪೂರ್ತಿ ಮುಚ್ಚಿದ, ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇಡುವ ಈ ಬಗೆಯ ಮಾಲ್‌ಗೆ ಅದೇ ಮೊದಲ ಮಾದರಿ ಅನ್ನುತ್ತಾರೆ. (ನಮ್ಮಲ್ಲಿ ಕಾಸರಗೋಡು ಅದೇ ವರ್ಷ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿತು. ಒಂದು ತಿಂಗಳ ಅಂತರವೂ ಇಲ್ಲ.) ಸೌತ್‌ಡೇಲ್ ರೂಪಿಸಿದವರು ವಿಕ್ಟರ್ ಗ್ರೂಯೆನ್, ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಹೋದ ಯೆಹೂದಿ ವಾಸ್ತುಶಿಲ್ಪಿ. ಹುಟ್ಟೂರಿನ ಬೀದಿ, ಚೌಕ, ಜನ ನಡೆದಾಡಿ ಮಾತಾಡುವ ಪೇಟೆ ಅವರ ಮನಸ್ಸಿನಲ್ಲಿತ್ತು. ಮಾಲ್ ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕ್ ಎಲ್ಲ ಬರಬೇಕು ಅಂತ ಅವರ ಆಸೆ. ಆದರೆ ಕಟ್ಟುವವರು ಅಂಗಡಿ, ಅದರ ಸುತ್ತ ಪಾರ್ಕಿಂಗ್, ಅಷ್ಟಕ್ಕೇ ನಿಲ್ಲಿಸಿದರು. ಗ್ರೂಯೆನ್ ಕೊನೆಗಾಲದಲ್ಲಿ ಇವು ನನ್ನ ಕೂಸುಗಳೇ ಅಲ್ಲ ಅನ್ನುವ ಮಟ್ಟಕ್ಕೆ ಬಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಪೇಟೆ ಅಂದರೆ ಬರೀ ಅಂಗಡಿ ಅಲ್ಲ ಅಲ್ವಾ.

ನಮ್ಮ ಕಡೆಗೆ ಬರೋಣ. ಚೆನ್ನೈಯ ಮೌಂಟ್ ರೋಡಿನ ಸ್ಪೆನ್ಸರ್ಸ್ 1860ರ ದಶಕದ ಅಂಗಡಿ. 1983ರಲ್ಲಿ ಅದರ ಹಳೇ ಕಟ್ಟಡ ಸುಟ್ಟುಹೋಯಿತು. ಅದೇ ಜಾಗದಲ್ಲಿ 1990ರ ದಶಕದಲ್ಲಿ ಸ್ಪೆನ್ಸರ್ ಪ್ಲಾಜಾ ಎದ್ದಿತು. ಹತ್ತಾರು ವರ್ಷ ಜನ ಮುಗಿಬಿದ್ದರು. ಆದರೆ ಅಲ್ಲಿನ ಬಹಳಷ್ಟು ಅಂಗಡಿಗಳು ಬಿಡಿಬಿಡಿಯಾಗಿ ಮಾರಾಟವಾಗಿದ್ದವು. ಒಬ್ಬನೇ ಯಜಮಾನನ ಹೊಸ ಮಾಲ್‌ಗಳು ಬಂದಮೇಲೆ ಅದು ಸೊರಗಿತು. ನಮ್ಮ ಕಾಂಪ್ಲೆಕ್ಸಿನ ಕಥೆಯೇ, ಅಳತೆ ಮಾತ್ರ ದೊಡ್ಡದು. 1999ರಲ್ಲಿ ದೆಹಲಿಯ ಆನ್ಸಲ್ ಪ್ಲಾಜಾ, ಮುಂಬಯಿಯ ಕ್ರಾಸ್‌ರೋಡ್ಸ್ ತೆರೆದವು. 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಫೋರಂ ಬಂತು, 11 ಪರದೆಯ ಸಿನಿಮಾ ಸಮೇತ. ಆಮೇಲೆ ಈ ಗಾಳಿ ಕರಾವಳಿಗೂ ಬೀಸಿತು. ಮಂಗಳೂರಿನ ಬಿಜೈಯಲ್ಲಿ ಭಾರತ್ ಮಾಲ್, 2010ರಲ್ಲಿ ಕೆ.ಎಸ್. ರಾವ್ ರಸ್ತೆಯಲ್ಲಿ ಸಿಟಿ ಸೆಂಟರ್, 2014ರಲ್ಲಿ ಪಾಂಡೇಶ್ವರದಲ್ಲಿ ಫೋರಂ ಫಿಜಾ. ಕೇರಳದಲ್ಲಿ ಕೊಚ್ಚಿಯ ಇಡಪ್ಪಳ್ಳಿಯ ಲುಲು ಮಾಲ್ ತೆರೆದದ್ದು 2013ರ ಮಾರ್ಚ್‌ನಲ್ಲಿ.

ಇಲ್ಲಿ ನಮಗೆ ಸಂಬಂಧಪಟ್ಟ ಮಾತೊಂದಿದೆ. ಮಾಲ್‌ಗಳ ಲೋಕದಲ್ಲಿ ‘ಪ್ರಾದೇಶಿಕ ಮಾಲ್’ ಅನ್ನುವ ಲೆಕ್ಕ ಇದೆ. ಅಮೆರಿಕದ ಅಳತೆಯಲ್ಲಿ 4 ಲಕ್ಷದಿಂದ 8 ಲಕ್ಷ ಚದರಡಿ, ಕನಿಷ್ಠ ಎರಡು ಆಂಕರ್ ಅಂಗಡಿ, ಗಿರಾಕಿಗಳು ಬರುವುದು ಸುಮಾರು 8ರಿಂದ 24 ಕಿಲೋಮೀಟರ್ ದೂರದಿಂದ. ಅದಕ್ಕಿಂತ ದೊಡ್ಡ ಮಾಲ್‌ಗೆ 40 ಕಿಲೋಮೀಟರ್ ತನಕ. ಈ ಲೆಕ್ಕ ಹಿಡಿದರೆ ಮಂಜೇಶ್ವರ ಮಂಗಳೂರಿನ ಮಾಲ್‌ಗಳ ಸುತ್ತಿನೊಳಗೆ ಬರುತ್ತದೆ, ಕುಂಬಳೆ ಅಂಚಿನಲ್ಲಿ, 50 ಕಿಲೋಮೀಟರ್ ದೂರದ ಕಾಸರಗೋಡು ಹೊರಗೆ. ಆದರೂ ಕಾಸರಗೋಡಿನವರು ಹೋಗುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ, ವಿಮಾನ ಹತ್ತಿಸಲು, ಇಳಿಸಿಕೊಳ್ಳಲು ನಾವು ಹೇಗೂ ಮಂಗಳೂರಿಗೆ ಹೋಗುವವರು. ನೂರಕ್ಕೂ ಜಾಸ್ತಿ ವರ್ಷದಿಂದ ರೈಲಿದೆ. ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದರೆ ಪಾಂಡೇಶ್ವರವೂ ಹತ್ತಿರ, ಸಿಟಿ ಸೆಂಟರ್ ಇರುವ ಹಂಪನಕಟ್ಟೆಯೂ ಹತ್ತಿರ. ಅಜ್ಜನನ್ನು ಡಾಕ್ಟರಿಗೆ ತೋರಿಸಿ, ರಿಪೋರ್ಟ್ ಸಂಜೆಗೆ ಅಂದರೆ, ನಡುವಿನ ಮೂರು ಗಂಟೆ ಮಕ್ಕಳನ್ನು ಕರೆದುಕೊಂಡು ಎಲ್ಲಿ ಕೂರುವುದು? ತಣ್ಣಗಿನ ಗಾಳಿ, ಚೊಕ್ಕ ಶೌಚಾಲಯ, ಕೂರಲು ಬೆಂಚು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಿನವರಿಗೆ ಕೊಡೆ ಮಡಚಿ ಅರ್ಧ ದಿನ ಅಡ್ಡಾಡುವ ಜಾಗ ಅಂದರೆ ಸಣ್ಣ ವಿಷಯ ಅಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮಗೆ ಮೊದಲು ತಟ್ಟಿದ್ದು ಆಸ್ಪತ್ರೆಯ ಸಂಕಟ. ಅದನ್ನು ನಾವು ಯಾರೂ ಮರೆತಿಲ್ಲ. ನಮ್ಮ ದಿನದ ಬದುಕು ಆ ಕಡೆಗೆ ಎಷ್ಟು ವಾಲಿಕೊಂಡಿದೆ ಅಂತ ಆವಾಗ ಕಣ್ಣಿಗೆ ಕಂಡಿತು. ಈಗ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥದ್ದು. ನಮ್ಮ ಪೇಟೆಯಲ್ಲಿ ದೊಡ್ಡ ಅಂಗಡಿ ಹಾಕುವವರು ಈ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಗಿರಾಕಿಯನ್ನು ಇಲ್ಲಿಗೆ ತರುವ ರಸ್ತೆಯೇ ಅವರನ್ನು ಬೇಗ ಮಂಗಳೂರಿಗೂ ಮುಟ್ಟಿಸುತ್ತದೆ.

ಹಾಗಂತ ಕಾಂಪ್ಲೆಕ್ಸ್ ಎಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ರಸ್ತೆಮಟ್ಟದ ರೂಮಿನಲ್ಲಿ ಜೀನಸಿನ ಅಂಗಡಿ ಇಟ್ಟು ಮಕ್ಕಳನ್ನು ಓದಿಸಿದ ಎಷ್ಟೋ ಮನೆಗಳು ನಮ್ಮಲ್ಲಿವೆ. ಮಾಲ್ ಒಳಗೆ ಅಂಥ ಅಂಗಡಿಗೆ ಜಾಗ ಸಿಗುವುದು ಕಷ್ಟ, ಅಲ್ಲಿನ ಬಾಡಿಗೆ ತಾಳುವುದಿಲ್ಲ. ಮೇಲಿನ ಮಾಳಿಗೆಯಲ್ಲೂ ನಡೆಯುವ ಕೆಲಸಗಳಿವೆ: ಟ್ಯೂಷನ್, ವಕೀಲರ ಆಫೀಸು, ದಂತವೈದ್ಯರು. ಇಲ್ಲಿಗೆ ಜನ ಹುಡುಕಿಕೊಂಡು ಬರುತ್ತಾರೆ. ಕಣ್ಣಿಗೆ ಬಿದ್ದರೆ ಮಾತ್ರ ನಡೆಯುವ ವ್ಯಾಪಾರ ಮೇಲೆ ನಡೆಯುವುದಿಲ್ಲ. ಮಾಲ್‌ಗೂ ಆಪತ್ತು ಇಲ್ಲದಿಲ್ಲ. 2022ರಲ್ಲಿ ದೇಶದ ಉದ್ದಗಲಕ್ಕೂ ಬಿಗ್ ಬಜಾರ್ ಮುಚ್ಚಿದಾಗ, ಅದನ್ನೇ ನಂಬಿ ಕೂತಿದ್ದ ಮಾಲ್‌ಗಳು ಏಟು ತಿಂದವು.

ಈಗ ನಿಮ್ಮ ತಮ್ಮನ ವಿಷಯ. ರೂಮು ಮಾರುತ್ತಿದ್ದಾರೆ ಅಂದಮೇಲೆ, ಬೋರ್ಡಿನಲ್ಲಿ ಏನೇ ಬರೆದಿರಲಿ, ಅದು ಕಾಂಪ್ಲೆಕ್ಸ್. ಮಾಲ್ ಯಜಮಾನರು ಸಾಮಾನ್ಯವಾಗಿ ರೂಮು ಮಾರುವುದಿಲ್ಲ. ಮಾರುವುದಾದರೆ ಇಡೀ ಮಾಲನ್ನೇ ಮಾರುತ್ತಾರೆ. ಪಾಂಡೇಶ್ವರದ ಮಾಲ್ ಫೋರಂ ಕೈಯಿಂದ ನೆಕ್ಸಸ್ ಅನ್ನುವ ಮಾಲ್ ಕಂಪನಿಯ ಕೈಗೆ ಹೋಗಿ ಹೆಸರು ಬದಲಾದದ್ದು ಹಾಗೆಯೇ. 2023ರ ಮೇ ತಿಂಗಳಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಷೇರುಪೇಟೆಗೆ ಬಂತು. ಆಗ ಅದರ ಕೈಯಲ್ಲಿದ್ದ 17 ಮಾಲ್‌ಗಳಲ್ಲಿ ಫಿಜಾ ಕೂಡ ಒಂದು. ಅಂದರೆ ಈಗ ಅದಕ್ಕೂ ಸಾವಿರಾರು ಜನ ಪಾಲುದಾರರು, ಆದರೆ ಯಾರ ಕೈಯಲ್ಲೂ ಒಂದು ಶಟರಿನ ಬೀಗದ ಕೈ ಇಲ್ಲ. ನಡೆಸುವ ಕೈ ಒಂದೇ.

ಕಾಂಪ್ಲೆಕ್ಸ್ ಅಂತ ಗೊತ್ತಿದ್ದೇ ತೆಗೆದುಕೊಳ್ಳುವುದಾದರೆ ತಮ್ಮನಿಗೆ ಇಷ್ಟು ಹೇಳಿ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ, ಎಂಟಕ್ಕಿಂತ ಜಾಸ್ತಿ ರೂಮು ಕಟ್ಟಿ ಮಾರುವ ಯೋಜನೆ ರೇರಾದಲ್ಲಿ, ಅಂದರೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದಲ್ಲಿ, ನೋಂದಣಿ ಆಗಿರಬೇಕು. 2016ರ ಆ ಕಾನೂನು ಮನೆಗೆ ಮಾತ್ರ ಅಲ್ಲ, ಅಂಗಡಿ ರೂಮಿಗೂ ಅನ್ವಯ. ನೋಂದಣಿ ಸಂಖ್ಯೆ ಕೇಳಿ. ಕರಾರು ಬರೆದು ನೋಂದಣಿ ಮಾಡುವ ಮೊದಲು ಬೆಲೆಯ 10% ಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ‘ಅಣ್ಣಾ, ಅರ್ಧ ಈಗಲೇ ಕೊಟ್ಟುಬಿಡಿ, ರೇಟು ಏರುತ್ತದೆ’ ಅಂದರೆ ಅಲ್ಲೇ ನಿಲ್ಲಿ. ರೂಮಿನ ಒಳಗಿನ ನೆಲ ಎಷ್ಟು ಚದರಡಿ ಅಂತ ಬರೆಸಿಕೊಳ್ಳಿ, ಮೆಟ್ಟಿಲು ವರಾಂಡ ಸೇರಿಸಿದ ಅಂಕಿ ಬೇಡ. ಎಷ್ಟು ರೂಮು ಮಾರಿದ್ದಾರೆ, ಎಷ್ಟನ್ನು ಕಟ್ಟಿದವರೇ ಇಟ್ಟುಕೊಂಡಿದ್ದಾರೆ? ತಮಗಾಗಿ ಮೇಲಿನ ಮಾಳಿಗೆಯನ್ನೇ ಇಟ್ಟುಕೊಂಡಿದ್ದರೆ ಅದು ಒಳ್ಳೇ ಲಕ್ಷಣ. ಲಿಫ್ಟ್ ಅವರಿಗೂ ಬೇಕಾಗುತ್ತದೆ.

ಇನ್ನೊಂದು ಕೆಲಸ ನೀವೇ ಮಾಡಬಹುದು, ಖರ್ಚಿಲ್ಲ. ಅದೇ ಬಿಲ್ಡರ್ ಐದಾರು ವರ್ಷದ ಹಿಂದೆ ಕಟ್ಟಿದ ಕಾಂಪ್ಲೆಕ್ಸ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ರಂಜಾನ್, ಓಣಂ ಗೌಜಿ ಇಲ್ಲದ ಒಂದು ಮಂಗಳವಾರ, ಮಧ್ಯಾಹ್ನ 3 ಗಂಟೆಗೆ ಅಲ್ಲಿಗೆ ಹೋಗಿ. ಲಿಫ್ಟಿನ ಬಟನ್ ಒತ್ತಿ ನೋಡಿ. ಎರಡನೇ ಮಾಳಿಗೆಯ ಶಟರ್‌ಗಳಲ್ಲಿ ಎಷ್ಟು ತೆರೆದಿವೆ ಅಂತ ಎಣಿಸಿ. ಶೌಚಾಲಯಕ್ಕೆ ಬೀಗ ಇದೆಯಾ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಅಲ್ಲಿ ಅಂಗಡಿ ಇಟ್ಟವರು ಬಿಡುವಾಗಿ ಕೂತಿದ್ದರೆ ಅವರ ಹತ್ತಿರ ಒಂದು ಹತ್ತು ನಿಮಿಷ ಮಾತಾಡಿ. ಎಲ್ಲ ನೋಡಿ ಬಂದು ಆ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ.