ಜೆ-1 ವೀಸಾ: ಎರಡು ವರ್ಷದ ಗಂಟು ಬಿದ್ದಿದ್ದು ಹೇಗೆ, ಸಡಿಲವಾಗಿದ್ದು ಯಾರಿಗೆ?

ಓದು, ಸಂಶೋಧನೆ, ತರಬೇತಿಗೆ ಬರುವವರಿಗೆ ಅಮೆರಿಕ ಕೊಡುವ ವಿನಿಮಯ ವೀಸಾ ಜೆ-1. ಅದನ್ನು ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದಾಗ ಎಲ್ಲರೂ ನೋಡುವುದು ಫೋಟೊ ಮತ್ತು ತಾರೀಕು. ಕೆಳಗಿನ ಸಣ್ಣ ಅಕ್ಷರದ ಸಾಲು ಓದುವವರು ಕಡಿಮೆ. ಅಲ್ಲಿ ‘ಟೂ ಇಯರ್ ರೂಲ್ ಡಸ್ ಅಪ್ಲೈ’ ಅಂತಿದ್ದರೆ, ಅಮೆರಿಕದ ಓದೋ ಸಂಶೋಧನೆಯೋ ಮುಗಿದ ಮೇಲೆ ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇದ್ದು ಬರಬೇಕು. ಅಲ್ಲಿಯವರೆಗೆ ಕೆಲಸದ ಎಚ್-1ಬಿ ವೀಸಾ ಇಲ್ಲ, ಕಂಪನಿಯೊಳಗಿನ ವರ್ಗಾವಣೆಯ ಎಲ್ ವೀಸಾ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಅಮೆರಿಕದ ಪ್ರಜೆಯನ್ನು ಮದುವೆಯಾದರೂ ಷರತ್ತು ತಾನಾಗಿ ಬಿಡುವುದಿಲ್ಲ. ಜೆ-2 ಮೇಲೆ ಜೊತೆಗೆ ಹೋದ ಗಂಡನಿಗೋ ಹೆಂಡತಿಗೋ ಅದೇ ಗಂಟು.

ಇದರ ಬೇರು ಎರಡನೇ ಮಹಾಯುದ್ಧದ ನಂತರದ ದಿನಗಳಲ್ಲಿದೆ. 1946ರಲ್ಲಿ ಫುಲ್‌ಬ್ರೈಟ್ ಕಾಯ್ದೆ, 1948ರಲ್ಲಿ ಸ್ಮಿತ್-ಮುಂಟ್ ಕಾಯ್ದೆ ಬಂದವು. ಹೊರಗಿನವರು ಬಂದು ಕಲಿಯಲಿ, ಊರಿಗೆ ಹೋಗಿ ಅಮೆರಿಕದ ಬಗ್ಗೆ ನಾಲ್ಕು ಒಳ್ಳೆ ಮಾತಾಡಲಿ ಅನ್ನುವ ಲೆಕ್ಕಾಚಾರ. ಬಂದವರು ಅಲ್ಲೇ ಉಳಿದುಬಿಟ್ಟರೆ ಊರಲ್ಲಿ ಹೇಳುವವರು ಯಾರು, ಅಲ್ವಾ? ಹಾಗಾಗಿ 1956ರಲ್ಲಿ ವಿನಿಮಯ ಕಾರ್ಯಕ್ರಮದಲ್ಲಿ ಬಂದ ಎಲ್ಲರಿಗೂ ಎರಡು ವರ್ಷದ ಷರತ್ತು ಹಾಕಿದರು. ಜೆ ವೀಸಾ ಹುಟ್ಟಿದ್ದು ಆಮೇಲೆ, 1961ರ ಕಾಯ್ದೆಯಲ್ಲಿ.

1970ರಲ್ಲಿ ಹಿಡಿತ ಸಡಿಲವಾಯಿತು. ಸರ್ಕಾರದ ದುಡ್ಡಿನಲ್ಲಿ ಬಂದವರಿಗೆ ಮತ್ತು ಸ್ವದೇಶಕ್ಕೆ ಬೇಕಾದ ಕೌಶಲ ಇರುವವರಿಗೆ ಮಾತ್ರ ಷರತ್ತು ಉಳಿಯಿತು. ಯಾವ ದೇಶಕ್ಕೆ ಯಾವ ವಿದ್ಯೆ ಬೇಕು ಅನ್ನುವ ‘ಸ್ಕಿಲ್ಸ್ ಲಿಸ್ಟ್’ ಮೊದಲು ಬಂದದ್ದು 1972ರಲ್ಲಿ. ನಮ್ಮವರಿಗೆ ಜಾಸ್ತಿ ತೊಡಕಾಗಿದ್ದು ಈ ಪಟ್ಟಿಯೇ. ಬೆಂಗಳೂರಿನ ಲ್ಯಾಬ್ ಒಂದರಿಂದ ಪಿಎಚ್‌ಡಿ ನಂತರದ ಸಂಶೋಧನೆಗೆ, ಅಂದರೆ ಪೋಸ್ಟ್‌ಡಾಕ್‌ಗೆ ಹೋದವರ ವಿಷಯ ಪಟ್ಟಿಯಲ್ಲಿದ್ದರೆ, ಅಮೆರಿಕ ಸರ್ಕಾರದಿಂದ ಬಿಡಿಗಾಸು ಪಡೆಯದಿದ್ದರೂ ಸಿಕ್ಕಿಬೀಳುತ್ತಿದ್ದರು.

ತಮಾಷೆ ಏನೆಂದರೆ, ಷರತ್ತು ಇದ್ದದ್ದು ಭಾರತದ ಹೆಸರಿನಲ್ಲಿ. ಅದರಿಂದ ಬಿಡಿಸಿಕೊಳ್ಳಲು ‘ಇವರು ವಾಪಸ್ ಬರದಿದ್ದರೆ ನಮ್ಮದೇನೂ ಅಭ್ಯಂತರ ಇಲ್ಲ’ ಅಂತ ಪತ್ರ ಕೊಡುತ್ತಿದ್ದುದೂ ಭಾರತವೇ! ಆ ನೋರಿ (ನೋ ಆಬ್ಲಿಗೇಷನ್ ಟು ರಿಟರ್ನ್ ಟು ಇಂಡಿಯಾ) ಸರ್ಟಿಫಿಕೇಟ್ ಹಿಂದೆ ಓಡಾಡಿದವರನ್ನು ಕೇಳಿ, ಕಥೆ ಉದ್ದ ಇರುತ್ತದೆ.

2009ರ ಪಟ್ಟಿ ಹದಿನೈದು ವರ್ಷ ಹಾಗೇ ಇತ್ತು. 2024ರ ಡಿಸೆಂಬರ್ 9ರಂದು ಬಂದ ಹೊಸ ಪಟ್ಟಿಯಲ್ಲಿ ಭಾರತ ಇಲ್ಲ, ಚೀನಾ ಕೂಡ ಇಲ್ಲ. ಹಳೆ ಪಟ್ಟಿಯಿಂದಾಗಿ ಮಾತ್ರ ಸಿಕ್ಕಿಕೊಂಡಿದ್ದವರಿಗೂ ಬಿಡುಗಡೆ ಸಿಕ್ಕಿತು. ಸರ್ಕಾರಿ ಹಣ ಪಡೆದವರಿಗೆ ಮಾತ್ರ ಇದರಿಂದ ಏನೂ ಬದಲಾಗಲಿಲ್ಲ.

ಡಾಕ್ಟರುಗಳ ಕಥೆಯೇ ಬೇರೆ. ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿನ ತಜ್ಞ ತರಬೇತಿಗೆ, ಜೆ-1 ಮೇಲೆ ಹೋಗುವವರನ್ನು 1976ರ ಕಾಯ್ದೆ ನೇರವಾಗಿ ಕಟ್ಟಿಹಾಕಿತು. ಪಟ್ಟಿಗೂ ಅವರಿಗೂ ಸಂಬಂಧವಿಲ್ಲ. ಅಭ್ಯಂತರ ಇಲ್ಲ ಅನ್ನುವ ಪತ್ರದ ದಾರಿಯೂ ಅವರಿಗಿಲ್ಲ. ಹೊರಡುವಾಗಲೇ ದೆಹಲಿಯ ಆರೋಗ್ಯ ಸಚಿವಾಲಯದಿಂದ ‘ಈ ವಿಭಾಗದ ವೈದ್ಯರು ನಮಗೆ ಬೇಕು’ ಅಂತ ಬರೆಸಿಕೊಂಡು ಹೋಗಬೇಕು.

ಅವರಲ್ಲಿ ಬಹಳ ಜನ ಹಿಡಿಯುವುದು 1994ರಲ್ಲಿ ತೆರೆದ ಬಾಗಿಲನ್ನು. ಅದನ್ನು ತೆರೆಸಿದವರು ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್. ಅವರ ರಾಜ್ಯದ ಹಳ್ಳಿಗಳಿಗೆ ಡಾಕ್ಟರೇ ಬರುತ್ತಿರಲಿಲ್ಲ. ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿದರೆ ಎರಡು ವರ್ಷದ ಷರತ್ತು ಮಾಫಿ. ಮೊದಲು ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 20 ಸೀಟು ಇತ್ತು, 2002ರಲ್ಲಿ 30 ಆಯಿತು. ಅಂದರೆ, ನಮ್ಮೂರಿಗೆ ಬೇಕು ಅಂತ ದೆಹಲಿಯಲ್ಲಿ ಬರೆಸಿಕೊಂಡು ಹೋದ ಡಾಕ್ಟರು ಕೊನೆಗೆ ಅಮೆರಿಕದ ಯಾವುದೋ ಹಳ್ಳಿಯ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಿರುತ್ತಾರೆ.